ಪತ್ತನಾಜೆಗೆ ಮೊದಲು ಏನೇನು ತುಂಬಿಸಿಡಬೇಕು?

ಪ್ರಶ್ನೆ: ನಾವು ಧಾರವಾಡದ ಕಡೆಯವರು. ಗಂಡನ ಕೆಲಸದಿಂದಾಗಿ ಈ ಜನವರಿಯಲ್ಲಿ ಕಟಪಾಡಿ ಹತ್ತಿರ ಒಂದು ಹಳೆ ಹಂಚಿನ ಮನೆಗೆ ಬಾಡಿಗೆಗೆ ಬಂದಿದ್ದೇವೆ. ಈಗ ಮೇ ಮೊದಲ ವಾರ. ಪಕ್ಕದ ಮನೆಯ ಅಮ್ಮ ದಿನಾ ಎಚ್ಚರಿಸುತ್ತಾರೆ, "ಪತ್ತನಾಜೆಯೊಳಗೆ ಎಲ್ಲ ಮಾಡಿ ಇಟ್ಕೊಳ್ಳಿ, ಆಮೇಲೆ ಆಗುವುದಿಲ್ಲ" ಅಂತ. ನಮ್ಮೂರಲ್ಲೂ ಬೇಸಿಗೆಯಲ್ಲಿ ವರ್ಷಕ್ಕಾಗುವಷ್ಟು ಕಾಳು, ಖಾರ, ಸಂಡಿಗೆ ಮಾಡಿಡುತ್ತೇವೆ. ಆದರೆ ಇಲ್ಲಿಯ ಮಳೆ ನನಗೆ ಹೊಸದು. ಇಲ್ಲಿಯದೇ ಪದಾರ್ಥ ಏನು ಕೊಳ್ಳಬೇಕು, ಎಷ್ಟು, ಹೇಗೆ ಇಡಬೇಕು? ಮನೆಗೆ ಏನು ಮಾಡಿಸಬೇಕು? ಮನೆಯಲ್ಲಿ ಮೂವರು. ನಾನು ಸಸ್ಯಾಹಾರಿ, ಗಂಡ ಮತ್ತು ಮಗ ಮೀನು ತಿನ್ನುತ್ತಾರೆ. ಫ್ರಿಜ್ ಇದೆ. ಅಷ್ಟು ಸಾಲದೇ?

ಉತ್ತರ: ನಿಮ್ಮ ಪಕ್ಕದ ಮನೆಯ ಅಮ್ಮ ಹೇಳಿದ್ದು ಸರಿ. ತುಳು ಪಂಚಾಂಗದ ಬೇಶ ತಿಂಗಳ ಹತ್ತನೇ ದಿನ ಪತ್ತನಾಜೆ. ಮೇ 24ರ ಆಸುಪಾಸು ಬರುತ್ತದೆ. ಆವತ್ತಿಗೆ ದೈವಗಳ ಕೋಲ, ನೇಮಗಳು ನಿಲ್ಲುತ್ತವೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಅದಾಗಿ ಹತ್ತು ಹದಿನೈದು ದಿನದೊಳಗೆ ಸಾಮಾನ್ಯವಾಗಿ ಮುಂಗಾರು ಕರಾವಳಿಗೆ ಬಂದುಬಿಡುತ್ತದೆ. ನಿಮ್ಮ ಕೈಯಲ್ಲಿ ಇನ್ನೂ ಎರಡು ಮೂರು ವಾರದ ಬಿಸಿಲು ಇದೆ. ಸಾಕು, ಗಾಬರಿ ಬೇಡ.

ಚಳಿಗಾಲಕ್ಕೆ ಇಲ್ಲಿ ಯಾರೂ ತಯಾರಿ ಮಾಡುವುದಿಲ್ಲ. ಡಿಸೆಂಬರಿನಲ್ಲಿ ಒಂದು ಹೊದಿಕೆ ಜಾಸ್ತಿ ತೆಗೆದರೆ ಮುಗಿಯಿತು. ನಮ್ಮ ತಯಾರಿ ಎಲ್ಲ ಮಳೆಗೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜುಲೈಯಲ್ಲಿ ವಾರಗಟ್ಟಲೆ ಬಿಸಿಲಿನ ಮುಖ ಕಾಣದೇ ಹೋಗಬಹುದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಿಂದೆ ಇಲ್ಲಿಯವರು ಅಟ್ಟ ತುಂಬಿಸುತ್ತಿದ್ದದ್ದು ಕೊರತೆಯ ಭಯಕ್ಕೆ. ತೋಡು (ಸಣ್ಣ ಹಳ್ಳ) ತುಂಬಿ ದಾರಿ ಕಡಿಯುತ್ತಿತ್ತು, ಸಂತೆ ನಿಲ್ಲುತ್ತಿತ್ತು, ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಗದ್ದೆಯಲ್ಲೂ ಏನೂ ಇರುತ್ತಿರಲಿಲ್ಲ. ಈಗ ಕಟಪಾಡಿ ಪೇಟೆಯಲ್ಲಿ ಜುಲೈಯಲ್ಲೂ ಎಲ್ಲ ಸಿಗುತ್ತದೆ. ಈಗ ನಿಮ್ಮ ಶತ್ರು ಕೊರತೆಯಲ್ಲ, ತೇವ. ಆದ್ದರಿಂದ ಜಾಸ್ತಿ ಕೊಳ್ಳಬೇಡಿ. ಚೆನ್ನಾಗಿ ಒಣಗಿದ್ದನ್ನು ಸ್ವಲ್ಪವೇ ಕೊಳ್ಳಿ. ಧಾರವಾಡದಲ್ಲಿ ಕಾಳು ಚೀಲದಲ್ಲೇ ವರ್ಷ ಕಳೆಯುತ್ತದೆ. ಇಲ್ಲಿ ಅದೇ ಚೀಲ ಆಗಸ್ಟ್‌ಗೆ ಬೂಸ್ಟು ಹಿಡಿದಿರುತ್ತದೆ.

ಇನ್ನೊಂದು ವಿಷಯ ಇದೆ. ಇದನ್ನು ಇಲ್ಲಿಯವರೇ ಎಷ್ಟೋ ಜನ ಮರೆತಿದ್ದಾರೆ. ಹಳೆ ಮನೆಗಳಲ್ಲಿ ಅಟ್ಟದ ಕೆಳಗೆ ಕಟ್ಟಿಗೆ ಒಲೆ ಇತ್ತು. ಬೆಳಗ್ಗೆಯಿಂದ ರಾತ್ರಿಯ ತನಕ ಬಿಸಿ ಗಾಳಿ, ಹೊಗೆ ಮೇಲೆ ಹೋಗುತ್ತಿತ್ತು. ಅಟ್ಟದಲ್ಲಿಟ್ಟ ಹುಣಸೆ, ಹಪ್ಪಳ, ಒಣಮೀನು ಅದರಿಂದಲೇ ಉಳಿಯುತ್ತಿದ್ದವು. ಈಗ ಕೆಳಗೆ ಗ್ಯಾಸ್ ಒಲೆ. ಅದರಿಂದ ಹೊಗೆಯಿಲ್ಲ, ಬರೀ ಅಡುಗೆಯ ಹಬೆ ಮೇಲೆ ಹೋಗುತ್ತದೆ. ಹಾಗಾಗಿ ಅಜ್ಜಿ ಮಾಡಿದ ಹಾಗೆ ಅಟ್ಟಕ್ಕೆ ಹಾಕಿದರೆ ಅಜ್ಜಿಯ ಕಾಲದ ಫಲ ಸಿಗುವುದಿಲ್ಲ. ಈಗ ನಿಮಗೆ ಬೇಕಾದ್ದು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಗಾಜಿನ ಬಾಟಲಿ, ಉಪ್ಪಿನ ಪದಾರ್ಥಕ್ಕೆ ಭರಣಿ. ಕೊಳ್ಳುವ ಪಟ್ಟಿಯಲ್ಲಿ ಮೊದಲು ಇವನ್ನೇ ಬರೆಯಿರಿ.

ಈಗ ಪದಾರ್ಥಗಳಿಗೆ ಬರೋಣ. ಹಲಸಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಮೇ ತಿಂಗಳಿನಲ್ಲಿ ಇಲ್ಲಿ ಅದು ಅಗ್ಗ. ಎಷ್ಟೋ ಹಿತ್ತಿಲಲ್ಲಿ ಬಿದ್ದು ಕೊಳೆಯುತ್ತಿರುತ್ತದೆ, ಕೇಳಿದರೆ ಸುಮ್ನೆ ಕೊಡುತ್ತಾರೆ. ಮಳೆಗಾಲಕ್ಕೆ ಸಸ್ಯಾಹಾರಿಗಳ ಮನೆಯ ದೊಡ್ಡ ಆಸರೆ ಉಪ್ಪುಸೊಳೆ, ಅಂದರೆ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ. ತುಳುವಿನಲ್ಲಿ ಉಪ್ಪಡ್ ಪಚ್ಚಿಲ್ ಅನ್ನುತ್ತಾರೆ. ಬೆಳೆದ, ಆದರೆ ಹಣ್ಣಾಗದ ಹಲಸು ಬೇಕು. ಬಕ್ಕೆ ಜಾತಿಯದ್ದಾದರೆ ಒಳ್ಳೆಯದು, ಸೊಳೆ ಗಟ್ಟಿ ಇರುತ್ತದೆ. ಕತ್ತಿಗೆ, ಕೈಗೆ ತೆಂಗಿನೆಣ್ಣೆ ಹಚ್ಚಿಕೊಳ್ಳಿ, ಇಲ್ಲದಿದ್ದರೆ ಮೇಣ ಬಿಡುವುದಿಲ್ಲ. ಸೊಳೆ ಬಿಡಿಸಿ, ಬೀಜ ತೆಗೆದು, ಐದು ಪಾಲು ಸೊಳೆಗೆ ಒಂದು ಪಾಲು ಕಲ್ಲುಪ್ಪಿನ ಲೆಕ್ಕದಲ್ಲಿ ಭರಣಿಗೆ ಪದರ ಪದರವಾಗಿ ಹಾಕಿ. ಮೇಲೆ ಬಾಳೆಎಲೆ ಮುಚ್ಚಿ, ತೊಳೆದ ಭಾರದ ಕಲ್ಲು ಇಡಿ. ನೀರು ಸೇರಿಸಬೇಡಿ. ಒಂದೆರಡು ದಿನದಲ್ಲಿ ಸೊಳೆಯೇ ನೀರು ಬಿಡುತ್ತದೆ. ಸೊಳೆ ಆ ಉಪ್ಪುನೀರಿನ ಕೆಳಗೆ ಮುಳುಗಿರಬೇಕು, ಗುಟ್ಟು ಇರುವುದು ಅಲ್ಲೇ. ಮೇಲೆ ತೇಲಿದ ಸೊಳೆ ಮೊದಲು ಕೆಡುತ್ತದೆ, ಆಮೇಲೆ ಉಳಿದದ್ದನ್ನೂ ಕೆಡಿಸುತ್ತದೆ. ತೆಗೆಯುವಾಗ ಒಣ ಸೌಟು. ಅಡುಗೆಗೆ ಮೊದಲು ನಾಲ್ಕೈದು ಗಂಟೆ ನೀರಲ್ಲಿ ನೆನೆಸಿ, ನಡುವೆ ಎರಡು ಮೂರು ಸಲ ನೀರು ಬದಲಿಸಿ. ಪಲ್ಯ, ರೊಟ್ಟಿ, ಕರಿದ ಉಂಡ್ಲುಕ, ಮೂರೂ ಆಗುತ್ತದೆ. ಬಿ.ಪಿ. ಇರುವವರು ಮನೆಯಲ್ಲಿದ್ದರೆ ಅವರ ಪಾಲು ಕಡಿಮೆ ಮಾಡಿ. ಎಷ್ಟು ತೊಳೆದರೂ ಉಪ್ಪು ಪೂರ್ತಿ ಹೋಗುವುದಿಲ್ಲ.

ಬೀಜ ಎಸೆಯಬೇಡಿ. ಉಪ್ಪುನೀರಲ್ಲಿ ಬೇಯಿಸಿ ಕಲ್ಲಿನಂತೆ ಆಗುವವರೆಗೆ ಒಣಗಿಸಿದರೆ ಸಾಂತಾಣಿ. ಸಂಜೆ ಮಳೆ ನೋಡುತ್ತಾ ಬಾಯಲ್ಲಿಟ್ಟುಕೊಂಡು ಕೂರಲು ಅದಕ್ಕಿಂತ ಒಳ್ಳೆಯದು ಇಲ್ಲ ಅಂತ ನನ್ನ ಅಭಿಪ್ರಾಯ. ಹಲ್ಲು ಗಟ್ಟಿ ಇರಬೇಕು, ಅಷ್ಟೇ. ಹಸಿ ಬೀಜವನ್ನು ಕೆಮ್ಮಣ್ಣಿನಲ್ಲಿ ಹೊರಳಿಸಿ ಇಡುವ ಕ್ರಮವೂ ಇದೆ. ಮಣ್ಣಿನ ಹೊದಿಕೆ ಬೀಜ ಬತ್ತದಂತೆ ತಡೆಯುತ್ತದೆ.

ಹಲಸಿನ ಹಪ್ಪಳ ಈ ವರ್ಷ ನೀವೇ ಮಾಡಲು ಹೋಗಬೇಡಿ, ಕೊಳ್ಳಿ. ಸೊಳೆ ಬೇಯಿಸಿ, ಕುಟ್ಟಿ, ಒತ್ತಿ, ಚಾಪೆಯ ಮೇಲೆ ಹರಡಲು ನಾಲ್ಕು ಕೈ ಬೇಕು, ಸತತ ಬಿಸಿಲೂ ಬೇಕು. ಮೇಯಲ್ಲಿ ಮಧ್ಯಾಹ್ನ ಬಿಸಿಲು, ಸಂಜೆ ಗುಡುಗು. ಅಭ್ಯಾಸ ಇಲ್ಲದವರ ಹಪ್ಪಳ ನೆನೆಯುವುದೇ ಜಾಸ್ತಿ. ಸ್ವಸಹಾಯ ಸಂಘದ ಹೆಂಗಸರು ಸಂತೆಗಳಲ್ಲಿ, ಈ ಸಮಯದ ಹಲಸು ಮೇಳಗಳಲ್ಲಿ ಮಾರುತ್ತಾರೆ. ಒಂದನ್ನು ಬಗ್ಗಿಸಿ ನೋಡಿ. ಟಪ್ ಅಂತ ಮುರಿದರೆ ಒಣಗಿದೆ. ಬಾಗಿದರೆ ಬೇಡ, ಎಷ್ಟೇ ಕಡಿಮೆ ಬೆಲೆಯಾದರೂ.

ಮಾವಿನಮಿಡಿಯ ಕಾಲ ಮಾರ್ಚ್, ಏಪ್ರಿಲ್. ಈಗ ಹಸಿ ಮಿಡಿ ಹುಡುಕುವುದು ದಂಡ. ಉಪ್ಪಿನಲ್ಲಿ ಹಾಕಿಟ್ಟ ಮಿಡಿ ಸಿಗುತ್ತದೆ, ಅದನ್ನು ತಂದು ಖಾರ ನೀವೇ ಬೆರೆಸಿ. ತೊಟ್ಟು ಇರುವ, ಚೆನ್ನಾಗಿ ಸುಕ್ಕಾದ ಮಿಡಿ ಆರಿಸಿ. ತೊಟ್ಟು ಮುರಿದ ಮಿಡಿಯಲ್ಲಿ ಸೊನೆ ಸೋರಿ ಹೋಗಿರುತ್ತದೆ, ಪರಿಮಳ ಇರುವುದೇ ಆ ಸೊನೆಯಲ್ಲಿ. ಈಗ ಧಾರಾಳ ಇರುವುದು ಕಾಟು (ಕಾಡು) ಮಾವಿನ ಹಣ್ಣು. ರಸ ಹಿಂಡಿ ಚಾಪೆಗೆ ಸವರಿ ಒಣಗಿಸಿದರೆ ಮಾಂಬಳ. ಅದೂ ತಯಾರಾದದ್ದೇ ಸಿಗುತ್ತದೆ.

ಪುನರ್ಪುಳಿ (ಕೋಕಂ) ಮಾತ್ರ ಬಿಡಬೇಡಿ. ಏಪ್ರಿಲ್, ಮೇ ಅದರ ಹಣ್ಣಿನ ಕಾಲ. ಮಳೆ ಬಿದ್ದರೆ ಹಣ್ಣು ಉದುರಿ ಕೊಳೆಯುತ್ತದೆ. ಹಣ್ಣು ಒಡೆದು ಬೀಜ ತೆಗೆದು ಸಿಪ್ಪೆಗೆ ಸ್ವಲ್ಪ ಉಪ್ಪು ಹಾಕಿ ಗಟ್ಟಿ ಬಿಸಿಲಲ್ಲಿ ಒಣಗಿಸಿ. ಕಪ್ಪು ಬಣ್ಣಕ್ಕೆ ತಿರುಗಿ, ಚರ್ಮದಂತೆ ಮಡಚಿಕೊಂಡರೆ ಸಾಕು. ಮಳೆಗಾಲದಲ್ಲಿ ಬಿಸಿ ಸಾರಿಗೆ ಇದಕ್ಕಿಂತ ಒಳ್ಳೆ ಹುಳಿ ಇಲ್ಲ. ಪೇಟೆಯ ಕಡುಗೆಂಪು ಶರಬತ್ತಿನ ಬಾಟಲಿಗಿಂತ ಒಣ ಸಿಪ್ಪೆಯೇ ಮೇಲು. ಸಕ್ಕರೆ, ಬಣ್ಣ ಎರಡೂ ಆಗ ನಿಮ್ಮ ಕೈಯಲ್ಲಿರುತ್ತದೆ.

ತರಕಾರಿಯಲ್ಲಿ ಮೂರು ಹೆಸರು ನೆನಪಿಡಿ: ಮಂಗಳೂರು ಸೌತೆ, ಬೂದುಗುಂಬಳ, ಚೀನಿಕಾಯಿ (ಸಿಹಿಗುಂಬಳ). ಇವು ಬೇಸಿಗೆಯಲ್ಲಿ ಗದ್ದೆಯಲ್ಲಿ ಬೆಳೆದು ಮಳೆಗಾಲದಲ್ಲಿ ಉಣ್ಣುವ ತರಕಾರಿಗಳು. ಪೂರ್ತಿ ಬಲಿತದ್ದನ್ನೇ ತನ್ನಿ. ಸೌತೆಯ ಬಣ್ಣ ಹಳದಿಗೆ ತಿರುಗಿರಬೇಕು, ಉಗುರು ಸುಲಭಕ್ಕೆ ನಾಟಬಾರದು. ಬೂದುಗುಂಬಳದ ಮೇಲಿನ ಬಿಳಿ ಬೂದಿ ಒರೆಸಬೇಡಿ. ಎಲ್ಲದಕ್ಕೂ ತೊಟ್ಟು ಇರಲೇಬೇಕು, ಗಾಯ ಇರಬಾರದು. ಸೌತೆಯನ್ನು ಬಾಳೆನಾರಿನಲ್ಲಿ ಒಂದೊಂದಾಗಿ ಕಟ್ಟಿ ಮಾಡಿನ ಪಕ್ಕಾಸಿಗೆ (ಛಾವಣಿಯ ಮರದ ತೊಲೆಗೆ) ನೇತುಹಾಕುವುದನ್ನು ನಿಮ್ಮ ಪಕ್ಕದ ಮನೆಯಲ್ಲೇ ನೋಡಿರುತ್ತೀರಿ. ಅದು ಅಲಂಕಾರಕ್ಕಲ್ಲ. ನೆಲಕ್ಕೆ ತಾಗಿದ ಜಾಗದಲ್ಲಿ ತೇವ ನಿಂತು ಅಲ್ಲಿಂದಲೇ ಕೊಳೆಯುತ್ತದೆ. ನೇತು ಹಾಕಿದರೆ ಸುತ್ತ ಗಾಳಿಯಾಡುತ್ತದೆ, ಒಂದು ಕೆಟ್ಟರೆ ಇನ್ನೊಂದಕ್ಕೆ ತಾಗುವುದಿಲ್ಲ. ಹೀಗೆ ತಿಂಗಳುಗಟ್ಟಲೆ ಇರುತ್ತದೆ. ಮೂವರಿಗೆ ಎಂಟು ಹತ್ತು ಸೌತೆ, ಎರಡು ಕುಂಬಳ ಸಾಕು.

ಇಲ್ಲೇ ಒಂದು ಮಾತು. ಮಟ್ಟು ಗುಳ್ಳ ಎಂಬ ಬದನೆಯ ಊರು ನಿಮ್ಮ ಮನೆಯಿಂದ ಕೂಗಳತೆಯಲ್ಲಿದೆ. 2011ರಲ್ಲಿ ಆ ಬದನೆಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಆದರೆ ಗುಳ್ಳ ದಾಸ್ತಾನಿನ ತರಕಾರಿ ಅಲ್ಲ, ಅದರ ಕಾಲವೂ ಮುಗಿಯುತ್ತಾ ಬಂತು. ಈ ವಾರವೇ ತಂದು ಹುಳಿ ಮಾಡಿ ಉಣ್ಣಿ.

ಅಕ್ಕಿ ಕುಚ್ಚಲಕ್ಕಿಯೇ ಇರಲಿ. ಮಳೆಗಾಲದ ಗಂಜಿಗೆ ಬೆಳ್ತಿಗೆ (ಬಿಳಿ ಅಕ್ಕಿ) ಹೊಂದುವುದಿಲ್ಲ. ಕೆಂಪು ಬೇಕಿದ್ದರೆ ಊರಿನ ಮಿಲ್ಲಿನಲ್ಲಿ ಕಜೆ ಅಕ್ಕಿ ಅಥವಾ ಎಂಒ-4 ಅಂತ ಕೇಳಿ. ಎಂಒ-4 ಈ ಕಡೆಯ ಗದ್ದೆಗಳಲ್ಲಿ ಹೆಚ್ಚು ಬೆಳೆಯುವ ತಳಿ. ನಾಲ್ಕು ಕಾಳು ಬಾಯಿಗೆ ಹಾಕಿ ಕಚ್ಚಿ. ಕಟಕ್ ಅನ್ನಬೇಕು. ಮೆತ್ತಗಿದ್ದರೆ ತೇವ ಜಾಸ್ತಿ ಇದೆ ಅಂತ ಅರ್ಥ. ಅಕ್ಕಿ ಉಳಿಯಬೇಕಾದರೆ ತೇವ ಶೇ 14ಕ್ಕಿಂತ ಕಡಿಮೆ ಇರಬೇಕು. ಹಿಂದೆ ಬೈಹುಲ್ಲಿನ ಮುಡಿ ಕಟ್ಟಿ 42 ಸೇರು ಅಕ್ಕಿ ಇಡುತ್ತಿದ್ದರು, ಆ ಹುಲ್ಲು ತೇವ ಎಳೆದುಕೊಳ್ಳುತ್ತಿತ್ತು. ಈಗ ಮುಡಿ ಕಟ್ಟಲು ಗೊತ್ತಿರುವವರೇ ಕಡಿಮೆ. ಮೂವರಿಗೆ ತಿಂಗಳಿಗೆ 12 ರಿಂದ 15 ಕಿಲೋ ಸಾಕಾಗುತ್ತದೆ. ಎರಡು ತಿಂಗಳಿಗಿಂತ ಜಾಸ್ತಿ ತರಬೇಡಿ. ಬೇವಿನೆಲೆ, ಒಣಮೆಣಸು ಹಾಕಿದರೆ ಹುಳ ಬರುವುದಿಲ್ಲ ಅನ್ನುತ್ತಾರೆ. ನಾನು ಅದನ್ನು ಅಷ್ಟು ನಂಬುವುದಿಲ್ಲ. ಹುಳದ ಮೊಟ್ಟೆ ಎಷ್ಟೋ ಸಲ ಕಾಳಿನೊಳಗೇ ಬಂದಿರುತ್ತದೆ. ಒಣಗಿದ ಅಕ್ಕಿ, ಬಿಗಿ ಮುಚ್ಚಳ, ತುಂಬಿದ ಡಬ್ಬಿ, ಈ ಮೂರು ಇದ್ದರೆ ಸಾಕು.

ಮೆಣಸು ಮಾತ್ರ ನಿಮ್ಮ ಕಡೆಯಿಂದಲೇ ತನ್ನಿ. ನಮ್ಮ ಸುಕ್ಕ, ಗಸಿ, ಸಾರು ಎಲ್ಲದರ ಬಣ್ಣ ಬ್ಯಾಡಗಿಯದ್ದೇ. ತಂದ ಮೇಲೆ ಇಲ್ಲಿಯ ಬಿಸಿಲಲ್ಲಿ ಮತ್ತೊಮ್ಮೆ ಒಣಗಿಸಿ, ಇಡಿಯಾಗಿ ಡಬ್ಬಿಗೆ ಹಾಕಿ. ಒಂದೇ ಸಲ ಪುಡಿ ಮಾಡಿಡುವ ಧಾರವಾಡದ ಕ್ರಮ ಇಲ್ಲಿ ಬೇಡ. ಪುಡಿ ಬೇಗ ತೇವ ಎಳೆದು ಗಂಟು ಕಟ್ಟುತ್ತದೆ. ಹದಿನೈದು ದಿನಕ್ಕಾಗುವಷ್ಟು ಹುರಿದು ಪುಡಿ ಮಾಡಿಕೊಳ್ಳಿ. ಬೂಸ್ಟು ಬಂದ ಮೆಣಸು, ಶೇಂಗಾ, ಕೊಬ್ಬರಿಯನ್ನು ಒರೆಸಿ ಬಳಸಬೇಡಿ. ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಅದು ಲಿವರಿಗೆ ಕೆಟ್ಟದ್ದು, ಹುರಿದರೂ ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ಎಸೆದುಬಿಡಿ.

ತೆಂಗಿನಕಾಯಿ ಸುಲಿಯದೆ ಇಡಿ. ಮಳೆಯಲ್ಲಿ ಮರ ಹತ್ತುವವರು ಸಿಗುವುದು ಕಷ್ಟ, ಹತ್ತಿಸುವುದೂ ಅಪಾಯ. ಮನೆಯ ಮರಗಳಿದ್ದರೆ ಮೇ ಒಳಗೆ ಒಂದು ಕೊಯ್ಲು ಮಾಡಿಸಿ. ಗಾಣದ ಎಣ್ಣೆಯೂ ಈಗಲೇ ತನ್ನಿ. ಬಿಸಿಲಲ್ಲಿ ಒಣಗಿದ ಕೊಬ್ಬರಿಯ ಎಣ್ಣೆ ಕಮಟು ಬರದೆ ಜಾಸ್ತಿ ದಿನ ಇರುತ್ತದೆ. ತಂಪು ದಿನಗಳಲ್ಲಿ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿದರೆ ಕಲಬೆರಕೆ ಅಂತ ಹೆದರಬೇಡಿ. 24 ಡಿಗ್ರಿಗಿಂತ ಕೆಳಗೆ ಶುದ್ಧ ತೆಂಗಿನೆಣ್ಣೆಯೂ ಗಟ್ಟಿಯಾಗುತ್ತದೆ.

ಮೀನು ತಿನ್ನುವ ಇಬ್ಬರಿಗೆ: ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮೀನು ಮರಿ ಮಾಡುವ ಕಾಲ ಅದು. ಸಮುದ್ರ ಶಾಂತ ಇದ್ದ ದಿನ ನಾಡದೋಣಿಯವರು ಹೋಗುತ್ತಾರೆ, ಹೊಳೆ ಮೀನು ಬರುತ್ತದೆ, ಆದರೆ ಬೆಲೆ ಕೇಳಿ ಹಿಂದೆ ಬರುವಿರಿ. ಅದಕ್ಕೇ ಈ ಕಡೆ ಒಣಮೀನು ತುಂಬಿಸುವುದು. ಒಣ ಎಟ್ಟಿ (ಸಣ್ಣ ಸಿಗಡಿ) ಚಟ್ನಿಗೆ, ಬಂಗುಡೆ, ನಂಗ್ ಮೀನು ಸುಡಲು ಮತ್ತು ಗಸಿಗೆ. ಮಲ್ಪೆಯಲ್ಲಿ, ಮಂಗಳೂರಿನ ಧಕ್ಕೆಯ (ಮೀನು ಬಂದರಿನ) ಹತ್ತಿರ, ವಾರದ ಸಂತೆಗಳಲ್ಲಿ ಒಣಮೀನು ಮಾರುವ ಹೆಂಗಸರಿದ್ದಾರೆ. ಅವರಲ್ಲಿ ಕೇಳಿ ಕೊಳ್ಳಿ, ಮೋಸ ಕಡಿಮೆ. ಮೀನು ಗಟ್ಟಿ ಇರಬೇಕು, ಮೇಲೆ ಗುಲಾಬಿ ಕಲೆ ಇರಬಾರದು. ಆ ಗುಲಾಬಿ ಬಣ್ಣ ಉಪ್ಪಿನಲ್ಲೂ ಬದುಕುವ ಬ್ಯಾಕ್ಟೀರಿಯಾದ್ದು, ಮೀನು ಕೆಡಲು ಶುರುವಾಗಿದೆ ಅಂತ ಅರ್ಥ. ಮನೆಗೆ ತಂದು ಇನ್ನೊಂದು ಬಿಸಿಲು ಕೊಟ್ಟು, ಕಾಗದದಲ್ಲಿ ಸುತ್ತಿ ಬೇರೆ ಡಬ್ಬಿಯಲ್ಲಿ ಇಡಿ. ನಿಮ್ಮ ಹಪ್ಪಳದಿಂದ ಆದಷ್ಟು ದೂರ.

ಇಷ್ಟು ಸಾಕು. ಸೊಪ್ಪು, ಹಸಿ ತರಕಾರಿಯ ಚಿಂತೆ ಬೇಡ. ಮಳೆ ಬಿದ್ದ ಮೇಲೆ ನೆಲವೇ ಕೊಡಲು ಶುರು ಮಾಡುತ್ತದೆ. ತೊಜಂಕ್ ಸೊಪ್ಪು (ಚಗತೆ), ಪತ್ರೊಡೆಗೆ ಕೆಸುವಿನೆಲೆ, ಕಣಿಲೆ (ಎಳೆ ಬಿದಿರು), ಅಣಬೆ ಎಲ್ಲ ಸಂತೆಗೆ ಬರುತ್ತದೆ. ಅಣಬೆ ಮತ್ತು ಆಟಿ ಅಮಾವಾಸ್ಯೆಯ ಪಾಲೆ ಕೆತ್ತೆಯ (ಪಾಲೆ ಮರದ ತೊಗಟೆಯ) ಕಷಾಯ, ಇವೆರಡನ್ನು ಮಾತ್ರ ಗೊತ್ತಿರುವವರ ಕೈಯಿಂದಲೇ ಪಡೆಯಿರಿ. ಕತ್ತಲಲ್ಲಿ ಮರ ತಪ್ಪಿ ವಿಷದ ತೊಗಟೆ ತಂದು ಜೀವಕ್ಕೆ ಕುತ್ತು ಬಂದ ಉದಾಹರಣೆಗಳು ಈ ಕಡೆ ಇವೆ.

ಇನ್ನು ಮನೆ. ಹಂಚಿನ ಮನೆಗೆ ಹೆದರಬೇಡಿ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದಂದಿನಿಂದ ಈ ಹಂಚು ಇದೇ ಮಳೆಗೆ ಪಳಗಿದೆ. ಸೋರುವುದು ಹಂಚಿನ ದೋಷದಿಂದ ಕಡಿಮೆ, ಕಸದಿಂದ ಜಾಸ್ತಿ. ಹಂಚುಗಳ ನಡುವಿನ ಸಾಲಿನಲ್ಲಿ ಎಲೆ, ಪಾಚಿ ತುಂಬಿದರೆ ನೀರು ಕೆಳಗೆ ಹರಿಯದೆ ಅಡ್ಡಕ್ಕೆ ತಿರುಗಿ ಒಳಗೆ ಬರುತ್ತದೆ. ಯಜಮಾನರಿಗೆ ಹೇಳಿ ಈ ವಾರವೇ ಹಂಚಿನ ಕೆಲಸದವರನ್ನು ಕರೆಸಿ. ಮೇ ಕೊನೆಗೆ ಅವರು ಯಾರ ಕೈಗೂ ಸಿಗುವುದಿಲ್ಲ. ಒಡೆದ ಹಂಚು ಬದಲಿಸುವಾಗ ಹಳೆಯದರ ಹಿಂದಿರುವ ಕಂಪನಿಯ ಹೆಸರು ನೋಡಿ ಅದೇ ಅಳತೆಯದ್ದು ಹುಡುಕಿಸಿ. ಬೇರೆ ಅಳತೆಯ ಹಂಚು ಕಚ್ಚಿ ಕೂರುವುದಿಲ್ಲ. ಜೊತೆಗೆ ಪಕ್ಕಾಸು, ರೀಪುಗಳನ್ನು (ಹಂಚು ಕೂರುವ ಮರದ ಪಟ್ಟಿ) ಚುಚ್ಚಿ ನೋಡಿಸಿ, ಗೆದ್ದಲು ತಿಂದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಮಾಡಿನ ಮೇಲೆ ಟರ್ಪಾಲು ಹೊದೆಸುವವರು ಇದ್ದಾರೆ. ನನಗೆ ಅದು ಹಿಡಿಸುವುದಿಲ್ಲ. ಒಳಗಿನ ಹಬೆ ಹೊರಹೋಗಲು ಜಾಗವಿಲ್ಲದೆ ಮರ ಕೊಳೆಯುತ್ತದೆ.

ಗಾಳಿಮಳೆ ಇಲ್ಲಿ ನೈಋತ್ಯದಿಂದ, ಅಂದರೆ ಸಮುದ್ರದ ಕಡೆಯಿಂದ ಬರುತ್ತದೆ. ಪಡುವಣ ಮತ್ತು ತೆಂಕಣ ಗೋಡೆಗಳಿಗೆ ಎರಚಲು ಬಡಿಯುತ್ತದೆ. ಕೆಂಪುಕಲ್ಲಿನ ಗೋಡೆ ನೀರು ಕುಡಿಯುತ್ತದೆ, ಒಳಗೆ ಬೂಸ್ಟು ಮೂಡುತ್ತದೆ. ತೆಂಗಿನ ಮಡಲು ಹೆಣೆದ ತಟ್ಟಿ ಕಟ್ಟುವುದು ಹಳೆ ಉಪಾಯ, ಈಗಲೂ ಸಾಲುತ್ತದೆ. ಡಬ್ಬಿ, ಅಕ್ಕಿ, ಬಟ್ಟೆಯ ಕಪಾಟು, ಪುಸ್ತಕ ಯಾವುದನ್ನೂ ಆ ಗೋಡೆಗೆ ತಾಗಿಸಿ ಇಡಬೇಡಿ. ಒಂದು ಗೇಣು ಜಾಗ ಬಿಡಿ. ಅಂಗಳದ ಕಣಿ (ನೀರು ಹರಿಯುವ ಕಾಲುವೆ) ಬಿಡಿಸಿ, ನೀರು ತೋಡಿಗೆ ಹೋಗುವ ದಾರಿ ಮಾಡಿ. ತಂತಿ ಮೇಲೆ ಬಾಗಿದ ಕೊಂಬೆ ಇದ್ದರೆ ನೀವೇ ಕಡಿಸಬೇಡಿ, ಮೆಸ್ಕಾಂಗೆ (ಇಲ್ಲಿಯ ವಿದ್ಯುತ್ ಕಂಪನಿಗೆ) ಹೇಳಿ. ಸಿಡಿಲು ಜಾಸ್ತಿ ಬರುವುದು ಈಗಲೇ, ಮುಂಗಾರಿಗೆ ಮೊದಲು. ಸಂಜೆ ಗುಡುಗಿದರೆ ಟಿವಿ, ಫ್ರಿಜ್ ಪ್ಲಗ್ ಕಿತ್ತಿಡಿ.

ಬಾವಿ ಇದ್ದರೆ ಮೊದಲ ಜೋರು ಮಳೆಯ ನಂತರ ಬ್ಲೀಚಿಂಗ್ ಪುಡಿ ಹಾಕಿ. 1,000 ಲೀಟರ್ ನೀರಿಗೆ ಎರಡೂವರೆ ಗ್ರಾಂ ಲೆಕ್ಕ. ಎರಡು ಮೀಟರ್ ಅಗಲದ ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ ಸುಮಾರು 30 ಗ್ರಾಂ. ಬಕೆಟ್ ನೀರಲ್ಲಿ ಕದಡಿ, ಗಸಿ ಕೂತ ಮೇಲೆ ತಿಳಿಯನ್ನು ಬಾವಿಗೆ ಹಾಕಿ ಕೊಡಪಾನದಲ್ಲಿ ಮೇಲೆ ಕೆಳಗೆ ಆಡಿಸಿ. ರಾತ್ರಿ ಹಾಕಿದರೆ ಬೆಳಗ್ಗೆ ಬಳಸಬಹುದು. ಕುಡಿಯುವ ನೀರು ಹೇಗೂ ಕುದಿಸಲೇಬೇಕು. ಅಂಗಳದಲ್ಲಿ, ಗದ್ದೆಯ ಬದಿಯಲ್ಲಿ ನಿಂತ ನೀರಿಗೆ ಗಾಯದ ಕಾಲಿನಲ್ಲಿ ಇಳಿಯಬೇಡಿ. ಇಲಿ ಜ್ವರ ಇಲ್ಲಿ ಪ್ರತಿ ಮಳೆಗಾಲದಲ್ಲೂ ಇದೆ. ಮನೆಯಲ್ಲಿ ದಾಸ್ತಾನು ಇದ್ದಲ್ಲಿ ಇಲಿಯೂ ಬರುತ್ತದೆ, ಅದಕ್ಕೂ ಸ್ಟೀಲ್ ಡಬ್ಬಿಯೇ ಉತ್ತರ.

ಕೊನೆಗೆ ನಿಮ್ಮ ಫ್ರಿಜ್. ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದರೆ ಹಳ್ಳಿ ಕಡೆ ಬರುವುದು ಮರುದಿನವೂ ಆಗಬಹುದು. ಹಾಗಾಗಿ ಫ್ರೀಜರಿನಲ್ಲಿ ಮೀನು ತುಂಬಿಸಿಟ್ಟು ನೆಮ್ಮದಿಯಾಗಿರಬೇಡಿ. ತೆರೆದ ಸಾಂಬಾರ ಪುಡಿಗಳು, ಶೇಂಗಾ, ಗೋಡಂಬಿಯನ್ನು ಮಾತ್ರ ಬಿಗಿ ಡಬ್ಬಿಯಲ್ಲಿ ಅದರೊಳಗೆ ಇಡಿ. ಹೊರತೆಗೆದ ಕೂಡಲೇ ಮುಚ್ಚಳ ತೆರೆಯಬೇಡಿ, ತಣ್ಣಗಿರುವ ಪುಡಿಯ ಮೇಲೆ ಹೊರಗಿನ ತೇವ ನೀರಾಗಿ ಕೂರುತ್ತದೆ. ಉಳಿದ ಡಬ್ಬಿಗಳನ್ನು ಆಟಿಯಲ್ಲಿ ನಡುನಡುವೆ ಬಿಸಿಲು ಬಂದ ದಿನ ಒಮ್ಮೆ ತೆರೆದು ನೋಡಿ. ಹಪ್ಪಳ, ಮೆಣಸು, ಒಣಮೀನು ಸ್ವಲ್ಪ ಮೆತ್ತಗಾಗಿದ್ದರೆ ಆವತ್ತೇ ಅಂಗಳಕ್ಕೆ ಹಾಕಿ, ಬಿಸಿ ಆರಿದ ಮೇಲೆ ಮುಚ್ಚಿ. ಕಾಗೆ ಓಡಿಸಲು ಮಗನನ್ನು ಕೂರಿಸಿ.